ಕಲ್ಲಚ್ಚಿನ ವಂಶಾವಳಿ

ನಮ್ಮ ಮಸಗುಪ್ಪಿಯಲ್ಲಿ ಹಬ್ಬದ ದಿನ ಹೆಣ್ಣುಮಕ್ಕಳು ತೂತು ಕೊರೆದ ತಟ್ಟೆಯನ್ನು ಅಂಗಳದಲ್ಲಿಟ್ಟು ರಂಗೋಲಿ ಪುಡಿ ಸವರುವುದುಂಟು. ತಟ್ಟೆಯನ್ನೆತ್ತಿದರೆ ಚಿತ್ರ ಸಿದ್ಧ. ಕುಶಲತೆಯೆಲ್ಲ ತಟ್ಟೆ ಕೊರೆದವನದು; ಆಮೇಲಿನ ನೂರು ಚಿತ್ರಗಳೂ ಅದರ ಪಡಿಯಚ್ಚು. ಕಣ್ಣಿಗೆ ಕಾಣದ ಯಂತ್ರಾಂಶಗಳನ್ನು ರಚಿಸುವ ಇಂದಿನ ವಿದ್ಯೆಯ ಗುಟ್ಟೂ ಬಹುಮಟ್ಟಿಗೆ ಇದೇ. ಅದರ ಹೆಸರು ಲಿಥಾಗ್ರಫಿ. ಗ್ರೀಕ್ ಮೂಲದಲ್ಲಿ ‘ಕಲ್ಲುಬರೆಹ’ ಎಂದರ್ಥ.

ಹೆಸರಿಗೆ ಕಾರಣವುಂಟು. 1796ರ ಸುಮಾರಿಗೆ ಜರ್ಮನಿಯ ಅಲೋಯ್ಸ್ ಸೆನೆಫೆಲ್ಡರನು ಸುಣ್ಣಕಲ್ಲಿನ ಮೇಲೆ ಜಿಡ್ಡುಮಸಿಯಿಂದ ಬರೆದು, ಕಲ್ಲನ್ನು ನೀರಿನಿಂದ ತೋಯಿಸಿದನು. ಬಳಿಕ ಉರುಳಿಸಿದ ಮಸಿ ತೇವದ ಕಡೆ ನಿಲ್ಲದೆ ಬರೆಹಕ್ಕೆ ಮಾತ್ರ ಹತ್ತಿತು. ನಮ್ಮ ಶಾಸನಗಳಂತೆ ಉಳಿಯಿಂದ ಕೆತ್ತುವ ಗೋಜಿಲ್ಲ.

ಈ ವಿದ್ಯೆ ಕನ್ನಡಕ್ಕೆ ಬಹುಬೇಗ ಒದಗಿತು. ಮಂಗಳೂರಿನ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆಯಿತು. ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲೇ ಮೂಡಿತು. ಕಾಗುಣಿತ, ಒತ್ತಕ್ಷರಗಳಿಗೆಲ್ಲ ಸೀಸದ ಮೊಳೆ ಎರಕಹೊಯ್ಯುವುದು ದೊಡ್ಡ ಕೆಲಸ. ಕಲ್ಲಿಗಾದರೋ ಕೈಬರೆಹವೇ ಸಾಕು. ಮೊಳೆಗಳಿಗಾಗಿ ಕಾಯದೆ ಕನ್ನಡದ ಮೊದಲ ಪತ್ರಿಕೆ ಹುಟ್ಟಿತು.

1950ರ ದಶಕದ ಕೊನೆಗೆ ಅಮೆರಿಕದ ಜೇ ಲ್ಯಾಥ್ರಾಪ್, ಜೇಮ್ಸ್ ನಾಲ್ ಇವರು ಟ್ರಾನ್ಸಿಸ್ಟರ್ ರಚನೆಗೆ ಬೆಳಕನ್ನೇ ಲೇಖನಿಯಾಗಿಸಿದರು. ಬಿಲ್ಲೆಗೆ ಬೆಳಕಿನಿಂದ ಮಾರ್ಪಡುವ ಲೇಪ ಹಚ್ಚಿ, ರಂಗೋಲಿ ತಟ್ಟೆಯಂತಹ ಮುಸುಕಿನ ಮೂಲಕ ಬೆಳಕು ಹಾಯಿಸಿ, ಲೇಪವನ್ನು ಬೇಕಾದೆಡೆ ತೊಳೆದು, ಬಯಲಾದ ಭಾಗವನ್ನು ರಾಸಾಯನಿಕದಿಂದ ಕೊರೆಯುವುದು ಇದರ ಕ್ರಮ. ಗೆರೆ ಸಣ್ಣದಾಗಬೇಕಾದರೆ ಬೆಳಕಿನ ಅಲೆಯೂ ಸಣ್ಣದಾಗಬೇಕು. 193 ನ್ಯಾನೋಮೀಟರಿನ ಅಲೆಯಿಂದ ಇಂದು 13.5ರವರೆಗೆ ಇಳಿದಿದ್ದಾರೆ, ಒಂದು ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಎಲೆಕ್ಟ್ರಾನುಗಳ ಸೂಕ್ಷ್ಮ ಕಿರಣದಿಂದ ಮುಸುಕಿಲ್ಲದೆಯೂ ಬರೆಯಬಹುದು. ಆದರೆ ಅದು ಓಲೆಗರಿಯ ಪ್ರತಿ ತೆಗೆದಂತೆ ನಿಧಾನ. 1995ರಲ್ಲಿ ಸ್ಟೀಫನ್ ಚೌ ಅವರು ಮೆತ್ತಗಾದ ಪ್ಲಾಸ್ಟಿಕ್ ಪೊರೆಗೆ ಸೂಕ್ಷ್ಮ ಅಚ್ಚನ್ನೇ ಒತ್ತಿ ತೋರಿಸಿದರು. ಹೀಗೆ ವಿದ್ಯೆ ಮರಳಿ ಅಚ್ಚಿಗೇ ಬಂತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ಸ್ಥಾಪಿತವಾದ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ, ಧೂಳು ಸುಳಿಯದ ಕೋಣೆಗಳಲ್ಲಿ, ಈ ಕೆಲಸ ನಡೆದಿದೆ. ಅಲ್ಲಿನ ಸಿಲಿಕಾನ್ ಬಿಲ್ಲೆಯ ಮೂಲವೂ ಬೆಣಚುಕಲ್ಲೇ.

ಇಂತಹ ವಿಷಯ ಕನ್ನಡಕ್ಕೆ ಒಗ್ಗದೆಂದು ವಿದ್ಯಾರ್ಥಿಗಳು ಹಿಂಜರಿಯುವುದನ್ನು ತರಗತಿಯಲ್ಲಿ ಕಂಡಿದ್ದೇನೆ. ಮೊಳೆಯಿಲ್ಲವೆಂದು 1843ರಲ್ಲಿ ನಿಲ್ಲದ ನುಡಿ, ಮಾತಿಲ್ಲವೆಂದು ಈಗೇಕೆ ನಿಲ್ಲಬೇಕು? ಕಲ್ಲಚ್ಚು, ಮುಸುಕು, ಲೇಪ, ಪಡಿಯಚ್ಚು: ಬೇಕಾದ ಮಾತುಗಳು ನಮ್ಮ ಅಂಗಳದಲ್ಲೇ ಇವೆ.