ಲಿಮೂ ಸೀಮೆಯ ದ್ರಾಕ್ಷಾರಸವೂ ಕಾರ್ಕಸೋನ್ ಧರ್ಮಾಧ್ಯಕ್ಷರ ಪ್ರಶ್ನೆಯೂ

ಬಲಿಪೂಜೆಯ ದ್ರಾಕ್ಷಾರಸ ಕೆಂಪಾಗಿರಬೇಕೋ ಬಿಳಿಯಾಗಿರಬೇಕೋ ಎಂಬ ಪ್ರಶ್ನೆಯನ್ನು ತರಗತಿಗಳಲ್ಲಿ ನಾವು ಆಗಾಗ ಎದುರಿಸುತ್ತೇವೆ. ಕೆಂಪು ರಕ್ತದ ಸಂಕೇತಕ್ಕೆ ಹತ್ತಿರವಾದುದು. ಬಿಳಿಯದು ಪೀಠವಸ್ತ್ರದ ಮೇಲೆ ಕಲೆ ಉಳಿಸದು. ಲತೀನ್ ಧರ್ಮಸಭೆಯ ಕಾನೂನು ಮಾತ್ರ ಬಣ್ಣದ ವಿಷಯದಲ್ಲಿ ಮೌನವಾಗಿದೆ. ರಸವು ದ್ರಾಕ್ಷಿಯ ಫಲದಿಂದ ಬಂದ ಸಹಜವಾದುದಾಗಿರಬೇಕು, ಕೆಟ್ಟಿರಬಾರದು ಎಂಬುದಷ್ಟೇ 924ನೆಯ ಕಾನೂನಿನ ಕಾಳಜಿ. ಈ ಕಾಳಜಿಯ ತೂಕವನ್ನರಿಯಲು ದಕ್ಷಿಣ ಫ್ರಾನ್ಸಿನ ಲಿಮೂ ಸೀಮೆಯತ್ತ ನೋಡಬೇಕು.

ಬೋರ್ಡೊ, ಬರ್ಗಂಡಿಗಳ ಹೆಸರು ಕೇಳಿದವರಲ್ಲಿಯೂ ಲಿಮೂವನ್ನು ಬಲ್ಲವರು ವಿರಳ. ಪಿರೆನೀಸ್ ಪರ್ವತಗಳ ತಪ್ಪಲಲ್ಲಿ, ಓಡ್ ನದಿಯ ದಂಡೆಯಲ್ಲಿರುವ ಈ ಪಟ್ಟಣ ಕಾರ್ಕಸೋನ್ ಧರ್ಮಕ್ಷೇತ್ರಕ್ಕೆ ಸೇರಿದ್ದು. ನೆರೆಯ ಸೇಂತ್-ಇಲೇರ್‌ನ ಬೆನೆಡಿಕ್ಟಿನ್ ಮಠದಲ್ಲಿ 1531ರಲ್ಲಿ ನೊರೆಯುಕ್ಕುವ ಬಿಳಿ ದ್ರಾಕ್ಷಾರಸ ಮೊದಲು ಸಿದ್ಧವಾಯಿತೆಂಬುದು ಅಲ್ಲಿನವರ ಪರಂಪರೆ. ಅದರ ಮೂಲವಾದ ಮೋಝಾಕ್ ತಳಿ ಇಂದಿಗೂ ಅಲ್ಲಿ ಬೆಳೆಯುತ್ತದೆ. ಮೆರ್ಲೊ ಪ್ರಧಾನವಾದ ಕೆಂಪು ರಸಕ್ಕೆ ಲಿಮೂ ಎಂಬ ಅಧಿಕೃತ ಹೆಸರು ದೊರೆತದ್ದು 2003ರಲ್ಲಿ. 1990ರಲ್ಲಿ ಆರಂಭವಾದ, ಗರಿಗಳ ಭಾನುವಾರದ ಸಮಯದಲ್ಲಿ ಬಿಳಿ ರಸದ ಪೀಪಾಯಿಗಳನ್ನು ಹರಾಜು ಹಾಕಿ, ಬಂದ ಹಣದಿಂದ ಒಂದೊಂದು ಹಳ್ಳಿಯ ಗಂಟೆಗೋಪುರವನ್ನು ದುರಸ್ತಿ ಮಾಡುವ ಪದ್ಧತಿಯೂ ಇಲ್ಲಿದೆ. ನಮಗೆ ಇದು ಬಹಳ ಹಿಡಿಸಿತು.

ಈ ಧರ್ಮಕ್ಷೇತ್ರದಿಂದಲೇ 1887ರಲ್ಲಿ, ಬಿಯಾರ್ ಅವರು ಧರ್ಮಾಧ್ಯಕ್ಷರಾಗಿದ್ದಾಗ, ರೋಮಿನ ಪವಿತ್ರ ಕಾರ್ಯಾಲಯಕ್ಕೆ ಒಂದು ಪ್ರಶ್ನೆ ಹೋಯಿತು. ಪೂಜೆಯ ರಸ ಕೆಡದಂತೆ ತಡೆಯಲು ಎರಡು ಉಪಾಯಗಳಿದ್ದವು: ಸ್ವಲ್ಪ ಬ್ರಾಂಡಿ ಬೆರೆಸುವುದು, ಇಲ್ಲವೆ 65 ಡಿಗ್ರಿಯವರೆಗೆ ಕಾಯಿಸುವುದು. ಇವು ಸಮ್ಮತವೇ, ಯಾವುದು ಮೇಲು? ಎರಡನೆಯದೇ ಮೇಲು ಎಂಬ ಉತ್ತರ ಬಂದಿತು. ದ್ರಾಕ್ಷಾರಸವನ್ನು ಕಾಯಿಸಿ ಕಾಪಾಡುವ ವಿಧಾನವನ್ನು ಪ್ಯಾಶ್ಚರ್ ತೋರಿಸಿ ಆಗ ಸುಮಾರು ಎರಡು ದಶಕಗಳಷ್ಟೇ ಕಳೆದಿದ್ದವು. ವಿಜ್ಞಾನಕ್ಕೆ ಅಂಜುವ ಧರ್ಮಸಭೆಯ ಚಿತ್ರವನ್ನು ನೆಚ್ಚಿಕೊಂಡವರು ಈ ಚಿಕ್ಕ ಉತ್ತರವನ್ನು ಗಮನಿಸಬೇಕು. ಮೂರು ವರ್ಷಗಳ ಬಳಿಕ ಮಾರ್ಸೇಯ ಧರ್ಮಾಧ್ಯಕ್ಷರಿಗೆ ಬಂದ ಉತ್ತರವು ಮದ್ಯಸಾರ ಬೆರೆಸುವುದಕ್ಕೂ ಒಪ್ಪಿತು. ಆದರೆ ಅದು ದ್ರಾಕ್ಷಿಯಿಂದಲೇ ತೆಗೆದದ್ದಾಗಿರಬೇಕು, ಒಟ್ಟು ಪ್ರಮಾಣ ಶೇಕಡ 12ನ್ನು ಮೀರಬಾರದು, ರಸ ಹೊಸದಾಗಿರುವಾಗಲೇ ಬೆರೆಸಬೇಕು ಎಂಬ ನಿಬಂಧನೆಗಳೊಡನೆ.

ಅಷ್ಟರಲ್ಲಿ ಫಿಲೋಕ್ಸೆರಾ ಕೀಟವು ಫ್ರಾನ್ಸಿನ ತೋಟಗಳನ್ನು ನಾಶಮಾಡಿತ್ತು. ಸಕ್ಕರೆ, ನೀರು, ಒಣದ್ರಾಕ್ಷಿಗಳಿಂದ ತಯಾರಾದ ಹುಸಿರಸ ಮಾರುಕಟ್ಟೆಯನ್ನು ತುಂಬಿತು. ತೋಟಗಳು ಮತ್ತೆ ಚಿಗುರಿದಾಗ ಬೆಲೆ ನೆಲ ಕಚ್ಚಿತು. 1907ರಲ್ಲಿ ಇದೇ ಓಡ್ ಪ್ರಾಂತ್ಯದ ಅರ್ಜೆಲಿಯೇ ಹಳ್ಳಿಯಿಂದ ಬೆಳೆಗಾರರ ದಂಗೆ ಎದ್ದಿತು. ಜೂನ್ 9ರಂದು ಮೋಂಪೆಲಿಯೆಯಲ್ಲಿ ಲಕ್ಷಗಟ್ಟಲೆ ಜನ ಸೇರಿದಾಗ, ಅಲ್ಲಿನ ಧರ್ಮಾಧ್ಯಕ್ಷ ಕಬ್ರಿಯೇರ್ ಅವರು ರಾತ್ರಿ ತಂಗಲು ಪ್ರಧಾನಾಲಯದ ಬಾಗಿಲನ್ನೇ ತೆರೆಸಿದರು. ರಾಜ್ಯವೂ ಧರ್ಮಸಭೆಯೂ ಬೇರ್ಪಟ್ಟು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಅದೇ ತಿಂಗಳು ನಾರ್ಬೋನ್‌ನಲ್ಲಿ ಸೈನ್ಯದ ಗುಂಡಿಗೆ ಜನ ಬಲಿಯಾದರು. ಸೆಪ್ಟೆಂಬರ್ 3ರ ಸರಕಾರಿ ಆಜ್ಞೆಯು, ತಾಜಾ ದ್ರಾಕ್ಷಿ ಅಥವಾ ಅದರ ರಸ ಹುದುಗಿ ಆದದ್ದನ್ನು ಬಿಟ್ಟು ಬೇರೆ ಯಾವುದನ್ನೂ ದ್ರಾಕ್ಷಾರಸವೆಂದು ಮಾರಬಾರದೆಂದು ವಿಧಿಸಿತು.