ಕಾನ್ಪುರದ ಗುಜರಿಯಿಂದ ವಸ್ತುಸಂಗ್ರಹಾಲಯಕ್ಕೆ

ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ನಾಲ್ಕು ಎಂಜಿನ್‌ಗಳ ದೈತ್ಯ ವಿಮಾನವೊಂದಿದೆ. ಹೆಸರು ಲಿಬರೇಟರ್. ರೆಕ್ಕೆಗಳ ಉದ್ದ ತುದಿಯಿಂದ ತುದಿಗೆ 110 ಅಡಿ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಸುರಿಯಲೆಂದು ಅಮೆರಿಕ ತಯಾರಿಸಿದ ಈ ಬಿ-24 ಮಾದರಿಯ ವಿಮಾನಗಳ ಸಂಖ್ಯೆ 18 ಸಾವಿರವನ್ನೂ ಮೀರಿತ್ತು. ಇಂದು ಉಳಿದಿರುವವು ತೀರ ಕೆಲವೇ. ಅವುಗಳಲ್ಲಿ ಹಲವು ಉಳಿದದ್ದು ಬೆಂಗಳೂರಿನ ಕಾರ್ಮಿಕರ ದುಡಿಮೆಯಿಂದ ಎಂಬುದು ಹೆಚ್ಚು ಮಂದಿಗೆ ತಿಳಿಯದ ಸಂಗತಿ.

ಯುದ್ಧಕಾಲದಲ್ಲಿ ಅಮೆರಿಕವು ಲೆಂಡ್-ಲೀಸ್ ವ್ಯವಸ್ಥೆಯಡಿ ಬ್ರಿಟನ್ನಿಗೆ ಈ ವಿಮಾನಗಳನ್ನು ಒದಗಿಸಿತ್ತು. ಯುದ್ಧ ಮುಗಿದ ಮೇಲೆ ಅವನ್ನು ಹಿಂತಿರುಗಿಸಬೇಕು, ಇಲ್ಲವೇ ನಾಶಪಡಿಸಬೇಕು ಎಂಬುದು ಕರಾರು. ಹೀಗಾಗಿ ಬ್ರಿಟಿಷರು ಕಾನ್ಪುರದಲ್ಲಿ ಕೂಡಿಹಾಕಿದ್ದ ಲಿಬರೇಟರ್‌ಗಳನ್ನು ಮತ್ತೆ ಹಾರದಂತೆ ಜಖಂಗೊಳಿಸಿ ಬಿಟ್ಟುಹೋದರು.

ಆಗಷ್ಟೇ ಸ್ವತಂತ್ರವಾಗಿದ್ದ ಭಾರತದ ವಾಯುಪಡೆಯ ಬಳಿ ಭಾರೀ ಬಾಂಬರ್‌ಗಳಿರಲಿಲ್ಲ. ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು. ಹೊಸದನ್ನು ಕೊಳ್ಳುವಷ್ಟು ಹಣ ಬೊಕ್ಕಸದಲ್ಲಿ ಇರಲಿಲ್ಲ. ಆಗ ನೆನಪಾದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ ಈ ಕಾರ್ಖಾನೆ ಯುದ್ಧದ ವರ್ಷಗಳಲ್ಲಿ ಅಮೆರಿಕದ ಸೇನಾ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಆ ಯಂತ್ರಗಳ ಒಳಹೊರಗು ಇಲ್ಲಿನ ಕೆಲಸಗಾರರಿಗೆ ಗೊತ್ತಿತ್ತು.

ಕಾರ್ಖಾನೆಯ ತಂಡ ಕಾನ್ಪುರಕ್ಕೆ ಹೋಯಿತು. ಒಂದರ ಬಿಡಿಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಹೇಗಾದರೂ ಒಮ್ಮೆ ಹಾರುವಷ್ಟು ಸರಿಪಡಿಸುವುದು. ಬೆಂಗಳೂರಿಗೆ ತಂದ ಮೇಲೆ ಪೂರ್ತಿ ದುರಸ್ತಿ. ಹಾಗೆ ಹಾರಿಸಿ ತರುವ ಅಪಾಯದ ಹೊಣೆ ಹೊತ್ತವರು ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಷಿ. 1948ರ ನವೆಂಬರ್‌ನಲ್ಲಿ ಲಿಬರೇಟರ್‌ಗಳ ಮೊದಲ ದಳ, 5ನೇ ಸ್ಕ್ವಾಡ್ರನ್, ಸಿದ್ಧವಾಯಿತು. ಮುಂದೆ 6ನೇ ಸ್ಕ್ವಾಡ್ರನ್ ಇವನ್ನು ಸಮುದ್ರದ ಕಾವಲಿಗೆ ಬಳಸಿತು. ಉಳಿದ ದೇಶಗಳು ಎಂದೋ ಮರೆತಿದ್ದ ವಿಮಾನ ಇಲ್ಲಿ 1968ರವರೆಗೂ ಹಾರಿತು.

ಆ ಹೊತ್ತಿಗೆ ಬಿಸಾಡಿದವರಿಗೇ ಅದು ಬೇಕಾಗಿತ್ತು. ಕೆನಡಾ ತನ್ನಲ್ಲಿದ್ದ ಲೈಸಾಂಡರ್ ವಿಮಾನವೊಂದನ್ನು ಕೊಟ್ಟು, ಬದಲಿಗೆ ಒಂದು ಲಿಬರೇಟರ್ ಪಡೆಯಿತು. 1974ರಲ್ಲಿ ಮತ್ತೊಂದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯ ಸೇರಿತು. ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯದಲ್ಲಿರುವುದೂ ಭಾರತದಿಂದ ಹೋದದ್ದೇ.

ಅಲ್ಲೆಲ್ಲ ಅವಕ್ಕೆ ಆಯಾ ದೇಶದ ಯುದ್ಧಕಾಲದ ಬಣ್ಣ ಬಳಿದಿದ್ದಾರೆ. ವೀರಗಾಥೆ ಹೇಳುವವರಿಗೆ ಅದು ಸಹಜ. ಆದರೆ ಆ ವಿಮಾನಗಳು ಯುದ್ಧದಲ್ಲಿ ಹಾರಿದ್ದಕ್ಕಿಂತ ಹೆಚ್ಚು ಕಾಲ ಹಾರಿದ್ದು ಭಾರತದ ಆಕಾಶದಲ್ಲಿ. ರಿಪೇರಿ ಮಾಡಿದವರಿಗೆ ಪದಕಗಳಿರುವುದಿಲ್ಲ. ಉಳಿದು ನಿಂತ ವಿಮಾನವೇ ಅವರ ಸಾಕ್ಷಿ.