ಅಂಗುಳದ ನಡುಗೆರೆ: ಒಂದು ವಿವಾದದ ಚರಿತ್ರೆ

ಮೇಲಿನ ಬಾಚಿಹಲ್ಲುಗಳ ಹಿಂದಿನಿಂದ ನಾಲಿಗೆಯ ತುದಿಯನ್ನು ಒಳಕ್ಕೆ ಆಡಿಸಿದರೆ ಮೊದಲು ಒಂದು ಸಣ್ಣ ಗುಬುಟು, ಆಮೇಲೆ ಅಡ್ಡ ಏಣುಗಳು, ಅವುಗಳ ನಡುವೆ ಉದ್ದಕ್ಕೆ ಒಂದು ತೆಳು ಗೆರೆ ತಾಗುತ್ತವೆ. ಗರ್ಭದ ಎಂಟನೆಯ ವಾರದ ಹೊತ್ತಿಗೆ ನಾಲಿಗೆಯ ಎರಡೂ ಬದಿಗೆ ಇಳಿಬಿದ್ದಿರುವ ಪದರಗಳು ಮೇಲೆದ್ದು, ಹನ್ನೆರಡನೆಯ ವಾರದೊಳಗೆ ಒಂದನ್ನೊಂದು ಕೂಡಿಕೊಂಡ ಗುರುತು ಅದು. ಕೂಡದೆ ಉಳಿದರೆ ಸೀಳಂಗುಳ. ಕೂಡಿದರೂ ಒಳಗಿನ ಮೂಳೆ ಒಂದಾಗುವುದಿಲ್ಲ. ಮುಂದಿನ ಮೂರರಲ್ಲೆರಡು ಪಾಲು ಮೇಲ್ದವಡೆಯ ಎಡಬಲ ಚಾಚುಗಳಿಂದ, ಉಳಿದದ್ದು ಅಂಗುಳದ ಜೋಡಿ ಮೂಳೆಗಳಿಂದ ಆದದ್ದು. ನಡುವೆ ನಾರಿನ ಸಂಧಿ ವರ್ಷಗಟ್ಟಲೆ ಉಳಿಯುತ್ತದೆ.

ಹಳೆಯ ವೈದ್ಯರ ಕಣ್ಣು ಬಿದ್ದದ್ದು ಈ ಸಂಧಿಯ ಮೇಲಲ್ಲ, ಅಂಗುಳದ ರೋಗಗಳ ಮೇಲೆ. ಸುಶ್ರುತ ಸಂಹಿತೆ ಒಂಬತ್ತು ತಾಲುರೋಗಗಳನ್ನು ಎಣಿಸುತ್ತದೆ. ಯುರೋಪಿನಲ್ಲಿ ಸಿಫಿಲಿಸ್ ಅಂಗುಳವನ್ನು ತೂತು ಮಾಡುತ್ತಿದ್ದ ಕಾಲಕ್ಕೆ ಆಂಬ್ರ್ವಾಸ್ ಪಾರೆ ಆ ತೂತಿಗೆ ಮುಚ್ಚಳಗಳನ್ನು ವರ್ಣಿಸಿದ. 1728ರಲ್ಲಿ ಪಿಯೇರ್ ಫೊಶಾರ್ ತನ್ನ ದಂತವೈದ್ಯ ಗ್ರಂಥದಲ್ಲಿ ಅವನ್ನು ಇನ್ನಷ್ಟು ಸುಧಾರಿಸಿ ತೋರಿಸಿದ. ಮೂಳೆಗೆರೆಗಳ ಬಗ್ಗೆ ನಿಜವಾದ ಆಸ್ಥೆ ಹುಟ್ಟಿದ್ದು ಆಮೇಲೆ, ಅದೂ ಚಿಕಿತ್ಸೆಗಾಗಿ ಅಲ್ಲ. ಬಾಚಿಹಲ್ಲುಗಳನ್ನು ಹೊರುವ ಪ್ರತ್ಯೇಕ ಮೂಳೆ ಪ್ರಾಣಿಗಳಿಗಿದೆ, ಮನುಷ್ಯನಿಗಿಲ್ಲ ಎಂದು ಪೆಟ್ರಸ್ ಕಾಂಪರ್‌ನಂಥವರು ಹೇಳುತ್ತಿದ್ದರು. 1784ರಲ್ಲಿ ಯೇನಾದಲ್ಲಿ ತಲೆಬುರುಡೆಗಳನ್ನು ಹೋಲಿಸಿ ನೋಡಿದ ಕವಿ ಗಯಟೆ, ಆ ಮೂಳೆಯ ಅಂಚು ಮನುಷ್ಯನ ಅಂಗುಳದಲ್ಲೂ ಕಾಣುತ್ತದೆ ಎಂದ. ಪ್ಯಾರಿಸಿನ ವಿಕ್ ದಜೀರ್ ಅದನ್ನು ಆಗಲೇ ಗಮನಿಸಿದ್ದ. ಕವಿಯ ಖ್ಯಾತಿ ಅವನನ್ನು ಮರೆಸಿತು.

ದಂತವೈದ್ಯರ ಜಗಳ ಇನ್ನೊಂದು ಗೆರೆಯದು, ನಡುಗೆರೆಯದು. ಸ್ಯಾನ್ ಫ್ರಾನ್ಸಿಸ್ಕೋದ ಎಮರ್ಸನ್ ಏಂಜೆಲ್ 1860ರಲ್ಲಿ ‘ಡೆಂಟಲ್ ಕಾಸ್ಮೋಸ್’ ಪತ್ರಿಕೆಯಲ್ಲಿ ಒಬ್ಬ ಹುಡುಗಿಯ ಚಿಕಿತ್ಸೆಯನ್ನು ವರದಿ ಮಾಡಿದ. ವಯಸ್ಸು ಹದಿನಾಲ್ಕು ದಾಟಿತ್ತು, ಮೇಲ್ದವಡೆ ಇಕ್ಕಟ್ಟಾಗಿತ್ತು. ಅಂಗುಳದ ಅಡ್ಡಕ್ಕೆ, ಎರಡೂ ಬದಿಯ ಹಲ್ಲುಗಳಿಗೆ ಆತುಕೊಳ್ಳುವಂತೆ ಸ್ಕ್ರೂ ಕೂಡಿಸಿ, ಅದನ್ನು ತಿರುಗಿಸುವ ಕೀಲಿಯನ್ನು ಅವಳ ಕೈಗೇ ಕೊಟ್ಟ. ಎರಡು ವಾರದಲ್ಲಿ ಮುಂದಿನ ಎರಡು ಬಾಚಿಹಲ್ಲುಗಳ ನಡುವೆ ಕಾಲಂಗುಲ ಸಂದು ಬಿತ್ತು. ಹಲ್ಲು ಸರಿದದ್ದಲ್ಲ, ಮೂಳೆಗಳೇ ಅಗಲಿವೆ ಎಂಬುದು ಅವನ ವಾದ. ಪತ್ರಿಕೆಯ ಸಂಪಾದಕ ವರ್ಗದ ಮೆಕ್‌ಕ್ವಿಲೆನ್ ಒಪ್ಪಲಿಲ್ಲ: ಮುಖದ ಇಷ್ಟೊಂದು ಮೂಳೆಗಳಿಗೆ ಬಿಗಿದುಕೊಂಡಿರುವ ದವಡೆ ಹಾಗೆ ಬಿಚ್ಚಿಕೊಳ್ಳುವುದುಂಟೆ? ಕ್ಷಕಿರಣಕ್ಕೆ ಇನ್ನೂ ಮೂವತ್ತೈದು ವರ್ಷ ಕಾಯಬೇಕಿತ್ತು. ಏಂಜೆಲ್ ಬಳಿ ಆ ಸಂದಿನ ಹೊರತು ಬೇರೆ ಸಾಕ್ಷಿ ಇರಲಿಲ್ಲ.

ಇತಿಹಾಸ ಬರೆಯುವವರು ಮೆಕ್‌ಕ್ವಿಲೆನ್‌ನನ್ನು ಹಟಮಾರಿ ಎಂದು ಚಿತ್ರಿಸುವುದುಂಟು. ನನಗೆ ಅದು ಅನ್ಯಾಯ ಅನಿಸುತ್ತದೆ. ಅವನ ಅಂಗರಚನೆಯ ತಿಳಿವಳಿಕೆ ಸರಿಯಾಗಿಯೇ ಇತ್ತು. ದವಡೆಯನ್ನು ಅಗಲಿಸುವಾಗ ಎದುರಾಗುವ ದೊಡ್ಡ ತಡೆ ನಡುಗೆರೆಯದಲ್ಲ, ಕೆನ್ನೆಮೂಳೆಯ ಆಸರೆಯದು, ಹಿಂದೆ ತಲೆಬುರುಡೆಯ ತಳಕ್ಕೆ ಕಚ್ಚಿಕೊಂಡ ಭಾಗದ್ದು. ಸಂಧಿ ಮುಂದೆ ಅಗಲವಾಗಿ, ಹಿಂದೆ ಕಿರಿದಾಗಿ ಬಿಚ್ಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಅವನ ಲೆಕ್ಕದಲ್ಲಿ ಬಿಟ್ಟುಹೋದದ್ದು ವಯಸ್ಸು.

ದವಡೆ ಅಗಲಿಸುವ ಈ ವಿಧಾನ ಅಮೆರಿಕದಲ್ಲಿ ಬಹುಕಾಲ ಮೂಲೆಗೆ ಸರಿದು, ಹಂದಿಗಳ ಮೇಲೆ ಪ್ರಯೋಗ ನಡೆಸಿದ ಆಂಡ್ರೂ ಹಾಸ್ 1961ರಲ್ಲಿ ಪ್ರಕಟಿಸಿದ ಲೇಖನದಿಂದ ಮತ್ತೆ ಬಳಕೆಗೆ ಬಂತು. ವಯಸ್ಸಿನ ಪ್ರಶ್ನೆಗೆ ಉತ್ತರ ಹುಡುಕಿದವರು ಸ್ಕ್ಯಾಂಡಿನೇವಿಯದವರು. ಬಿರ್ಟೆ ಮೆಲ್ಸನ್ 1975ರಲ್ಲಿ ಶವಪರೀಕ್ಷೆಯ ಅಂಗುಳಗಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಶೈಶವದಲ್ಲಿ ಅಗಲವಾಗಿ ನೆಟ್ಟಗಿರುವ ಸಂಧಿ ಬೆಳೆದಂತೆ ಅಲೆಯಲೆಯಾಗಿ, ಹರೆಯದಲ್ಲಿ ಹೆಣೆದ ಬೆರಳುಗಳಂತೆ ಸಿಕ್ಕಿಕೊಳ್ಳುತ್ತದೆ ಎಂದು ತೋರಿಸಿದರು. ಪರ್ಸನ್ ಮತ್ತು ತಿಲಾಂಡರ್ 1977ರಲ್ಲಿ ಹದಿನೈದಕ್ಕೇ ಮೂಳೆಗೂಡತೊಡಗಿದ ಸಂಧಿಯನ್ನೂ, ಇಪ್ಪತ್ತೇಳರಲ್ಲೂ ಕೂಡದ ಸಂಧಿಯನ್ನೂ ಕಂಡರು.

ಹಾಗಾಗಿ ಹುಟ್ಟಿದ ದಿನಾಂಕವೊಂದನ್ನೇ ನಂಬುವಂತಿಲ್ಲ. 2013ರಲ್ಲಿ ಆಂಜೆಲಿಯೆರಿ ಮತ್ತು ಸಂಗಡಿಗರು ಮೂರು ಆಯಾಮದ ಕ್ಷಕಿರಣ ಚಿತ್ರಗಳಲ್ಲಿ ಸಂಧಿಯ ಪಕ್ವತೆಯನ್ನು ಐದು ಹಂತಗಳಾಗಿ ವಿಂಗಡಿಸಿದರು. ಕೊನೆಯ ಹಂತ ಮುಟ್ಟಿದವರಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ನಡುವಿನವರಿಗೆ ಈಗ ಅಂಗುಳದ ಮೂಳೆಗೇ ನೆಡುವ ಕಿರುಸ್ಕ್ರೂಗಳಿವೆ. ಆದರೆ ಒಂದೇ ಚಿತ್ರವನ್ನು ಇಬ್ಬರು ತಜ್ಞರು ಎರಡು ಹಂತಗಳಾಗಿ ಓದುವುದುಂಟು, ಮಕ್ಕಳಿಗೆ ತಗಲುವ ವಿಕಿರಣದ ಚಿಂತೆಯೂ ಇದೆ.